ಬರಿಯ ಹೊಸಿಲಿಗೆ ಬಂದ ಶಿಲುಬೆ

ಪೂಜ್ಯ ಅನ್ಸೆಲ್ಮು ಸ್ವಾಮಿಗಳೇ, ನಮ್ಮ ಅದೆರಿತುವಿನ ಮಡದಿ ಬೆಲ್ಮೀರಕ್ಕ, ಊರಿನ ಹಿರಿಯರೇ, ಗೆಳೆಯರೇ — ಎಲ್ಲರಿಗೂ ವಂದನೆ. ಹಿಂದೆ ನಿಂತವರು ಮುಂದೆ ಬನ್ನಿ, ಕುರ್ಚಿಗಳಿವೆ. ಅದೆರಿತು ಇದ್ದಿದ್ದರೆ ಕೈಹಿಡಿದು ಎಳೆದು ಕೂರಿಸುತ್ತಿದ್ದ.

ನಾನು ಫಿರ್ಮೀನು. ಈಸ್ಟರ್ ಭಾನುವಾರ ನಮ್ಮೂರಿನ ಮನೆಮನೆಗೆ ಶಿಲುಬೆ ಹೋಗುತ್ತದಲ್ಲ — ಹೂ ಕಟ್ಟಿದ ಆ ಶಿಲುಬೆಯನ್ನು ಹೊರುತ್ತಿದ್ದವನು ಅದೆರಿತು. ಪಕ್ಕದಲ್ಲಿ ತೀರ್ಥದ ಪಾತ್ರೆ ಹಿಡಿದು ನಡೆಯುತ್ತಿದ್ದವನು ನಾನು. ಈಸ್ಟರ್‌ಗೆ ಮುಂಚಿನ ಈ ತಪಸ್ಸುಕಾಲದ ಉಪವಾಸದ ನಡುವೆ, ಗೋಡೆ ಕಟ್ಟುವ ಕೆಲಸ ಮುಗಿಸಿ ಬಂದು ಮಲಗಿದ ಅದೆರಿತು ಮತ್ತೆ ಏಳಲಿಲ್ಲ. ದನಿ ದೊಡ್ಡದು ಅವನಿಗೆ, ಶ್ರುತಿ ಮಾತ್ರ ಇಲ್ಲ. ಗೇಟಿನಲ್ಲಿ ಅವನು ಅಲ್ಲೆಲೂಯ ಶುರುಮಾಡಿದರೆ ಆ ಮನೆಯ ಕೋಳಿಗಳೆಲ್ಲ ಹಿತ್ತಿಲಿಗೆ ಓಡುತ್ತಿದ್ದವು. ನಗಿ, ಪರವಾಗಿಲ್ಲ. ನಗಬಾರದು ಎನ್ನುವವರ ಜತೆ ಜನ್ಮವಿಡೀ ಜಗಳವಾಡಿದವನು ಅವನು.

ಸ್ವಾಮಿಗಳಿಗೆ ನೆನಪಿರಬಹುದು. ಅವರು ಇಲ್ಲಿಗೆ ಹೊಸದಾಗಿ ಬಂದಾಗ ಒಂದು ಸಭೆ ಕರೆದರು. ಮನೆಮನೆಯಲ್ಲಿ ಕೇಕು ತಿನ್ನುವುದು, ಪೋರ್ಟ್ ವೈನ್ ಕುಡಿಯುವುದು, ಪಟಾಕಿ ಹಾರಿಸುವುದು — ಇದರಲ್ಲಿ ಭಕ್ತಿ ಎಲ್ಲಿದೆ, ಸ್ವಲ್ಪ ಕಡಿಮೆ ಮಾಡೋಣ ಎಂದರು. ತಪ್ಪೇನೂ ಹೇಳಲಿಲ್ಲ ಬಿಡಿ. ಸಂಜೆಯ ಹೊತ್ತಿಗೆ ನಮ್ಮ ನಡಿಗೆ ನೋಡಿದ ಯಾರಿಗಾದರೂ ಅನುಮಾನ ಬರಬೇಕಾದ್ದೇ. ಅದೆರಿತು ಎದ್ದು ನಿಂತ. ಹೀಗೆ — ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

"ಸ್ವಾಮಿ, ಉಪವಾಸಕ್ಕೆ ನಲವತ್ತು ದಿನ ಇಟ್ಟಿದಾರೆ, ಈಸ್ಟರ್ ಕಾಲಕ್ಕೆ ಐವತ್ತು. ಆ ಹತ್ತು ದಿನ ಯಾಕ್ ಜಾಸ್ತಿ ಕೊಟ್ರು, ನೀವೇ ಹೇಳಿ. ನಾವು ನಲವತ್ತು ದಿನಾನೂ ಮುಖ ಗಂಟಿಕ್ಕೊಂಡೇ ಇರ್ತೀವಿ. ಆ ಐವತ್ತರಲ್ಲಿ ನಗೋದು ಒಂದೇ ದಿನ. ಅದನ್ನೂ ಕಮ್ಮಿ ಮಾಡೋದಾ?"

ಸ್ವಾಮಿಗಳು ಏನನ್ನೂ ಕಡಿಮೆ ಮಾಡಲಿಲ್ಲ. ಆ ವರ್ಷ ನಮ್ಮ ಜೊತೆಗೇ ಬಂದರು. ಕೊನೆಯ ಮನೆಯಲ್ಲಿ ಕೇಕಿನ ಎರಡನೇ ತುಂಡು ಕೇಳಿದವರು ಯಾರು ಎಂದು ನಾನು ಹೇಳುವುದಿಲ್ಲ.

ಆದರೆ — ತಿನ್ನುವುದು ಕುಡಿಯುವುದನ್ನೇ ಅವನು ಹಬ್ಬ ಎಂದುಕೊಂಡಿದ್ದ ಎಂದು ಯಾರೂ ತಿಳಿಯಬಾರದು. ಅದನ್ನು ಹೇಳಲಿಕ್ಕೇ ನಾನು ಇವತ್ತು ನಿಂತಿರುವುದು.

ಶಿಲುಬೆ ಬರಲಿ ಎನ್ನುವವರು ಹೊಸಿಲ ಮುಂದೆ ಸೊಪ್ಪು, ಹೂ ಹಾಸುತ್ತಾರೆ. ಸಾವಾದ ಮನೆಯಲ್ಲಿ ಹಾಸುವುದಿಲ್ಲ. ಶಿಲುಬೆ ಸದ್ದಿಲ್ಲದೆ ಮುಂದಿನ ಮನೆಗೆ ಹೋಗುತ್ತದೆ. ಅದು ನಮ್ಮ ಕ್ರಮ, ದುಃಖಕ್ಕೆ ತೋರುವ ಮರ್ಯಾದೆ. ಅದೆರಿತು, ಬೆಲ್ಮೀರಕ್ಕನ ಒಬ್ಬಳೇ ಮಗಳು ಲಿದೀಯಾ ತೀರಿಕೊಂಡ ವರ್ಷ ಅವರ ಹೊಸಿಲೂ ಬರಿದಾಗಿತ್ತು. ಈ ಸಲ ನೀನು ಶಿಲುಬೆ ಹೊರಬೇಡ ಎಂದು ನಾವೆಲ್ಲ ಅವನಿಗೆ ಹೇಳಿದೆವು. ಕೇಳಲಿಲ್ಲ. ಮನೆಮನೆಗೂ ಹೋದ, ಹಾಡಿದ, ಮುದುಕಿಯರನ್ನು ರೇಗಿಸಿ ನಗಿಸಿದ. ಆಮೇಲೆ ಅವನ ಬೀದಿ ಬಂತು. ಅವನ ಮನೆ ಬಂತು.

ನಿಂತುಬಿಟ್ಟ. ಮುಂದೆ ಹೋಗೋಣ ಎಂದು ನಾನು ಅವನ ತೋಳು ಮುಟ್ಟಿದೆ. ಅವನು ಶಿಲುಬೆಯನ್ನು ನನ್ನ ಕೈಗಿತ್ತ.

"ಹಿಡ್ಕೊ ಫಿರ್ಮೀನು. ಬೇರೆಯವ್ರ ಮನೆಗಾದ್ರೆ ತಗೊಂಡ್ಹೋಗ್ತೀನಿ. ನನ್ ಮನೆಗೆ ನನ್ ಕೈಲಿ ಆಗಲ್ಲ. ನೀನು ತಗೊಂಡ್ ಬಾ."

ಹಿತ್ತಿಲಿನಿಂದ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಮುಂಬಾಗಿಲು ತೆರೆಯಿತು. ನೋಡಿದರೆ — ಬೆಲ್ಮೀರಕ್ಕನ ಪಕ್ಕದಲ್ಲಿ ಮಂಡಿಯೂರಿದ್ದಾನೆ, ಬೆಳಗಿನಿಂದ ನಮಗಾಗಿ ಕಾದ ಮನೆಯವನ ಹಾಗೆ. ಹಾಡಬೇಕಾದವನು ನಾನು, ಹಾಡದೆಯೇ ಶಿಲುಬೆಯನ್ನು ಅವರ ಮುಂದೆ ಹಿಡಿದೆ. ಇಬ್ಬರೂ ಶಿಲುಬೆಗೆ ಮುತ್ತಿಟ್ಟರು, ಇಬ್ಬರೂ ಅತ್ತರು. ಕೊಡಲು ಏನೂ ಇಲ್ಲವಲ್ಲ ಎಂದು ಬೆಲ್ಮೀರಕ್ಕ ಪೇಚಾಡಿದರೆ, ಇವರೆಲ್ಲ ಆಗಲೇ ಸಾಕಷ್ಟು ಕುಡಿದಿದ್ದಾರೆ ಎಂದುಬಿಟ್ಟ. ಎಷ್ಟೋ ವಾರಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು.

ಅವತ್ತಿನಿಂದ ನನಗೆ ಅನ್ನಿಸಿದೆ — ಮನುಷ್ಯ ಹಬ್ಬವನ್ನು ತನ್ನ ಮನೆಗೆ ತಾನೇ ತಂದುಕೊಳ್ಳಲಾರ. ಯಾರಾದರೂ ತಂದುಕೊಡಬೇಕು. ಧರ್ಮಸಭೆ ಅಂತ ನಾವೆಲ್ಲ ಒಂದಾಗಿ ಇರುವುದು ಅದಕ್ಕೇ ಇರಬೇಕು.

ಬರುವ ಭಾನುವಾರ ಈಸ್ಟರ್. ಅದೆರಿತುವಿಗೆ ಗೌರವವಾಗಿ ಈ ವರ್ಷ ಶಿಲುಬೆ ಹೊರಡುವುದು ಬೇಡ ಎಂದು ಕೆಲವರು ಹೇಳುತ್ತಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಾರೆ. ಆದರೂ ನಾನು ಒಪ್ಪಲಾರೆ. ನಿನ್ನೆ ಬೆಲ್ಮೀರಕ್ಕನನ್ನೇ ಕೇಳಲು ಹೋಗಿದ್ದೆ. ಅವರು ಹೇಳಿದ್ದು ಇಷ್ಟು, ಅವರ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ:

"ಬರ್ಬೇಡಿ ಅನ್ನಕ್ಕೆ ಬಾಯಿ ಬರಲ್ಲ, ಫಿರ್ಮೀನು. ಆದ್ರೆ ಸೊಪ್ಪು ಹಾಸಕ್ಕೆ ಕೈ ಏಳ್ತಾ ಇಲ್ಲ."

ಹಾಸಬೇಡಿ, ಬೆಲ್ಮೀರಕ್ಕ. ಬಾಗಿಲು ತೆರೆದರೆ ಸಾಕು. ಸೊಪ್ಪು ನಾವು ತರುತ್ತೇವೆ — ಇಲ್ಲಿ ಕೂತ ಒಬ್ಬೊಬ್ಬರೂ ಒಂದೊಂದು ಹಿಡಿ. ನಿಮಗೆ ಅಳು ಬಂದರೆ ಅಳಿ. ನಾವೂ ಅಳುತ್ತೇವೆ, ಹಾಡು ಮಾತ್ರ ನಿಲ್ಲಿಸುವುದಿಲ್ಲ.

ಈಗ — ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ನಮ್ಮ ಅದೆರಿತುವಿಗಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ. ಬೆಲ್ಮೀರಕ್ಕ, ನೀವು ಏಳಬೇಡಿ. ಕೂತಿರಿ. ನಿಮ್ಮ ಸುತ್ತ ನಾವು ನಿಲ್ಲುತ್ತೇವೆ.