ಮಹಡಿಯಿಲ್ಲದ ಮನೆಯ ಲಿಫ್ಟು

ಲೈಟು ಆರಿಸಬೇಡಿ, ಇರಲಿ. ನನಗೋಸ್ಕರ ಅಲ್ಲ, ನಿಮಗೋಸ್ಕರ. ನನ್ನ ವಿಷಯ ಗೊತ್ತೇ ಇದೆಯಲ್ಲ... ನಾನು ಬಾಡಿಗೆಗೆ ಹೋದ ಮನೆಯಿಂದ ದೆವ್ವವೇ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದೆ. ಆದರೆ ಇದು ನನ್ನ ಪರಾಕ್ರಮದ ಕತೆಯಲ್ಲ. ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು. ಆದದ್ದು ಅಂದರೆ ಆದದ್ದೇ.

ಅವನನ್ನು ನಾವೆಲ್ಲ ಕರೆಯುವುದು ವೈರಪ್ಪ ಎಂದು. ಹಗಲು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸ. ಸಂಜೆಯಾಯಿತೆಂದರೆ ಕೈಗೆ ಸೋಲ್ಡರಿಂಗ್ ಕಡ್ಡಿ, ತೊಡೆಯ ಮೇಲೆ ಲ್ಯಾಪ್‌ಟಾಪು. ಅವನ ಮನೆಯಲ್ಲಿ ಸೆಕೆಯಾದರೆ ಫ್ಯಾನು ತಾನೇ ತಿರುಗುತ್ತದೆ. ನೀರಿನ ಟ್ಯಾಂಕು ತುಂಬಿದರೆ ಫೋನಿಗೆ ಮೆಸೇಜು ಬರುತ್ತದೆ. ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಅದು ಗದರುತ್ತದೆ. ಎಲ್ಲಕ್ಕೂ ಕೋಡು ಬರೆದವನು ಅವನೇ. "ಈ ಮನೇಲಿ ನನ್ನ ಮಾತು ಕೇಳದೆ ಇರೋ ಯಂತ್ರ ನೀವೊಂದೇ ನೋಡ್ರೀ" ಎನ್ನುವುದು ಅವನ ಹೆಂಡತಿಯ ನಿತ್ಯದ ಪಾಠ.

ಮನೆಯಲ್ಲಿ ಇನ್ನೊಬ್ಬರಿದ್ದರು. ಹೆಂಡತಿಯ ಅಮ್ಮ, ಅಂದರೆ ವೈರಪ್ಪನ ಅತ್ತೆ. ಗಂಡ ತೀರಿಕೊಂಡು ಹನ್ನೆರಡು ವರ್ಷ. ಅದೇ ವರ್ಷ ಅವರಿಗೆ ಎರಡೂ ಕಿವಿ ಹೋಯಿತು. ಪಕ್ಕದಲ್ಲಿ ತಟ್ಟೆ ಬಿದ್ದರೂ ತಿರುಗುತ್ತಿರಲಿಲ್ಲ. ಅವರಿಗೆ ಏನು ಹೇಳುವುದಿದ್ದರೂ ಒಂದು ಸ್ಲೇಟಿನ ಮೇಲೆ ಬರೆದು ತೋರಿಸಬೇಕು. ಮಗಳು ಕೆಲಸಕ್ಕೆ ಹೋದಾಗ ಯಾರಾದರೂ ಬಂದು ಬಾಗಿಲು ಬಡಿದರೆ ಗೊತ್ತೇ ಆಗುತ್ತಿರಲಿಲ್ಲ. ಅವರಿಗಾಗಿ ಒಂದು ಕರೆಗಂಟೆ ಮಾಡಬೇಕು, ಗುಂಡಿ ಒತ್ತಿದರೆ ಬಲ್ಬು ಮಿನುಗಬೇಕು, ಜೊತೆಗೆ ಕಿವಿ ಇದ್ದವರಿಗಾಗಿ ಒಂದು ದನಿಯೂ ಬರಬೇಕು... ಇದು ವೈರಪ್ಪನ ಹೊಸ ಹುಚ್ಚು.

ಆ ದನಿಗಾಗಿ ಅವನು ಅವತ್ತು ಗುಜರಿ ಅಂಗಡಿಗಳ ಸಾಲಿಗೆ ಹೋಗಿದ್ದ. ಕೆಡವಿದ ಯಾವುದೋ ಕಟ್ಟಡದ ಲಿಫ್ಟಿನ ಬೋರ್ಡೊಂದು ಸಿಕ್ಕಿತು. ಅಂಗೈಯಗಲ ಇತ್ತು. ಮಹಡಿಯ ಸಂಖ್ಯೆ ಹೇಳುತ್ತದಲ್ಲ, ಅದು. ಅಂಗಡಿಯವನು ಅದನ್ನು ತೂಕಕ್ಕೆ ಹಾಕದೆ ಸುಮ್ಮನೆ ಕೊಟ್ಟ. ಹೋದರೆ ಸಾಕು ಅನ್ನುವ ಹಾಗೆ.

ವಾಪಸ್ ಬರುವಾಗ ಬಸ್ಸು ಕೆಟ್ಟು ಹೊತ್ತಾಯಿತು. ಅವನ ಬೀದಿಯ ತಿರುವಿನಲ್ಲಿ ಒಂದು ಹಳೆಯ ಬಾವಿ. ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ, ರಾಟೆ ಮಾತ್ರ ಹಾಗೇ ಇದೆ. ಗಾಳಿ ಬಂದರೆ ಕಿರ್ರ್... ಎನ್ನುತ್ತದೆ. ಅವತ್ತು ಗಾಳಿ ಇರಲಿಲ್ಲ. ರಾಟೆಯೂ ಸುಮ್ಮನಿತ್ತು. ಅವನ ಚಪ್ಪಲಿಯ ಚಟ್ ಚಟ್ ಬಿಟ್ಟರೆ ಏನೂ ಇಲ್ಲ.

ಬಾವಿಯ ಪಕ್ಕಕ್ಕೆ ಬಂದ...

ಟಿಂಗ್.

"ಏಳನೇ ಮಹಡಿ."

ಕೈಚೀಲದೊಳಗಿನಿಂದ. ಸಣ್ಣ, ಸಿಹಿ, ಹೆಂಗಸಿನ ದನಿ.

ವೈರಪ್ಪ ನಿಂತ. ಚೀಲ ತೆರೆದು ನೋಡಿದ. ಬೋರ್ಡಿಗೆ ಬ್ಯಾಟರಿ ಇಲ್ಲ, ವೈರು ಇಲ್ಲ, ಸ್ಪೀಕರಿನ ತಂತಿಯೂ ಅರ್ಧ ಕಿತ್ತಿದೆ. ನೀವಾದರೆ ಚೀಲ ಬಿಸಾಡಿ ಓಡುತ್ತಿದ್ದಿರಿ. ಅವನು ಗಡಿಯಾರ ನೋಡಿದ. ಹನ್ನೊಂದು ಹತ್ತು. "ಕೆಪ್ಯಾಸಿಟರ್‌ನಲ್ಲಿ ಒಂಚೂರು ಚಾರ್ಜು ಉಳಿದಿತ್ತು ಅನ್ಸುತ್ತೆ" ಎಂದುಕೊಂಡು ಖುಷಿಯಾಗಿ ಮನೆಗೆ ಹೋದ. ಬೋರ್ಡು ಜೀವಂತ ಇದೆಯಲ್ಲ! ಇಂಥವರಿಗೆ ಹೆದರಿಕೆಗೂ ಒಂದು ಸರ್ಕ್ಯೂಟ್ ಚಿತ್ರ ಬೇಕು.

ಮರುದಿನ ರಜೆ. ಬಾಗಿಲ ಪಕ್ಕ ಗಂಟೆ ಕೂರಿಸಿಯೇಬಿಟ್ಟ. ಗುಂಡಿ ಒತ್ತಿದರೆ ಟಿಂಗ್, ಬಲ್ಬು ಮಿನುಗುತ್ತದೆ, "ಬಾಗಿಲು ತೆರೆಯುತ್ತಿದೆ" ಎನ್ನುತ್ತದೆ ಆ ದನಿ. ಬೋರ್ಡಿನಲ್ಲಿದ್ದ ಉಳಿದ ಮಾತುಗಳು, ಏಳನೇ ಮಹಡಿಯಿಂದ ನೆಲಮಹಡಿಯವರೆಗಿನವು, ಅವನಿಗೆ ಬೇಕಿರಲಿಲ್ಲ. ಹಾಗೇ ಬಿಟ್ಟ.

"ಮನೆಗೆ ಒಂದು ಮೆಟ್ಟಿಲಿಲ್ಲ, ಲಿಫ್ಟ್ ಬೇರೆ ಕೇಡು" ಎಂದಳು ಹೆಂಡತಿ.

"ನಾಳೆ ನಾವು ಮಹಡಿ ಕಟ್ಟಿಸಿದಾಗ ನೆನಸ್ಕೋತೀಯ ಬಿಡು."

ಆ ರಾತ್ರಿ ಹನ್ನೊಂದು ಹತ್ತಕ್ಕೆ ಟಿಂಗ್. "ಆರನೇ ಮಹಡಿ." ಗುಂಡಿ ಒತ್ತಿದವರು ಯಾರೂ ಇಲ್ಲ. ವೈರಪ್ಪ ಕೋಡಿನಲ್ಲಿ ತಪ್ಪು ಹುಡುಕುತ್ತ ಎರಡು ಗಂಟೆಯವರೆಗೆ ಕೂತ. ಸಿಗಲಿಲ್ಲ. ಅದರ ಮರುದಿನ ರಾತ್ರಿ, ಅದೇ ಹೊತ್ತಿಗೆ, "ಐದನೇ ಮಹಡಿ."

ಆಗಲೇ ಅವನು ಅತ್ತೆಯನ್ನು ನೋಡಿದ್ದು.

ಅವರ ಮಂಚ ಮುಂದಿನ ಕೋಣೆಯಲ್ಲೇ. ಬಾಗಿಲಿಗೆ ಬೆನ್ನು ಹಾಕಿ ಮಲಗುವವರು. ಬಲ್ಬು ಮಿನುಗಿರಲಿಲ್ಲ. ಆದರೂ ಎದ್ದು ಕೂತಿದ್ದರು. ಕತ್ತಲಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು. ಸರ್... ಸರ್... ಬಾಚಣಿಗೆಯ ಸದ್ದು.

ವೈರಪ್ಪ ಟಾರ್ಚು ಹಾಕಿ ಸ್ಲೇಟಿನಲ್ಲಿ ಬರೆದ. ಯಾಕೆ ಎದ್ದಿರಿ?

ಕಿವಿ ಹೋದ ಮೇಲೆ ಅತ್ತೆಯ ಮಾತು ಯಾವಾಗಲೂ ಬೀದಿಗೆ ಕೇಳುವಷ್ಟು ಜೋರು. ಅವತ್ತು ಪಿಸುಗುಟ್ಟಿದರು.

"ಐದಕ್ಕೆ ಬಂದ್ರಲ್ಲಪ್ಪಾ."

"ಯಾರು?" ಎಂದು ಕೇಳಿಯೇಬಿಟ್ಟ, ಬರೆಯಲು ಮರೆತು.

"ಅವರು."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗೋಡೆ ಹಿಡಿದುಕೊಂಡಳು. ಅತ್ತೆ ಜೀವಮಾನದಲ್ಲಿ ಒಬ್ಬರನ್ನು ಮಾತ್ರ ಹೆಸರಿಲ್ಲದೆ 'ಅವರು' ಎಂದವರು.

ಅಡುಗೆಮನೆಗೆ ಬಂದ ಮೇಲೆ ಹೆಂಡತಿ ಹೇಳಿದಳು, "ಕಿತ್ತು ಬಿಸಾಕಿ ಅದನ್ನ."

"ಏನಾಗ್ತಿದೆ ಅಂತ ಗೊತ್ತಾಗದೆ ಕಿತ್ತರೆ..."

"ನಮ್ಮಮ್ಮ ತಲೆ ಬಾಚ್ಕೋತಿದ್ದಾಳೆ ಕಣ್ರೀ. ಹೊರಡೋಕೆ."

ನಾಲ್ಕನೇ ಮಹಡಿಯ ರಾತ್ರಿ ಅವನು ಗುಂಡಿಯ ತಂತಿ ಕಿತ್ತಿದ್ದ. ಗಂಟೆ ನಿಲ್ಲಲಿಲ್ಲ. ಅತ್ತೆ ಕೈಚೀಲ ತೆಗೆದು ಎರಡು ಜೊತೆ ಬಟ್ಟೆ ಮಡಚಿಟ್ಟರು. ಮಾರನೆಯ ದಿನ ಅವನು ಪ್ಲಗ್ಗನ್ನೇ ಕಿತ್ತು, ಬೋರ್ಡನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದ. ರಾತ್ರಿ ಹನ್ನೊಂದು ಹತ್ತಾಯಿತು. ಹನ್ನೊಂದು ಹನ್ನೊಂದು. ಹನ್ನೆರಡು. ಸದ್ದೇ ಇಲ್ಲ. ಗಂಡ ಹೆಂಡತಿ ಇಬ್ಬರೂ ಸಮಾಧಾನದ ಉಸಿರು ಬಿಟ್ಟರು.

ಕತ್ತಲಲ್ಲಿ ಅತ್ತೆ ಕನ್ನಡಕ ಒರೆಸುತ್ತ ಮೆಲ್ಲಗೆ ಅಂದರು, "ಮೂರು."

ಮರುದಿನ ಸಂಜೆ ಅವನು ಡಬ್ಬಿ ತೆರೆದು ಮತ್ತೆ ಪ್ಲಗ್ಗು ಹಾಕಿದ. ಹೆಂಡತಿ ಬೈದಳು. "ತಂತಿ ಕಿತ್ತರೆ ನಮಗೆ ಕೇಳಿಸಲ್ಲ ಅಷ್ಟೇ ಕಣೇ" ಎಂದ. "ಬರೋರು ಬರ್ತಾನೇ ಇದ್ದಾರೆ. ಎಲ್ಲಿದ್ದಾರೆ ಅಂತಾದ್ರೂ ಗೊತ್ತಾಗಲಿ." ಆ ರಾತ್ರಿ ಗಂಟೆ ಬಿಟ್ಟುಹೋದ ಮೂರನ್ನು ಹೇಳಲಿಲ್ಲ. "ಎರಡನೇ ಮಹಡಿ" ಎಂದಿತು. ಅದರ ಮರುದಿನ "ಮೊದಲನೇ ಮಹಡಿ." ಅತ್ತೆ ಚಪ್ಪಲಿಗಳನ್ನು ಹೊಸ್ತಿಲ ಬಳಿ ಜೋಡಿಸಿಟ್ಟರು, ಬಾಗಿಲ ಕಡೆಗೆ ಮುಖ ಮಾಡಿ.

ನೋಡಿ, ಇಲ್ಲಿ ಉಳಿದವರಾಗಿದ್ದರೆ ಮಂತ್ರವಾದಿಯನ್ನು ಹುಡುಕುತ್ತಿದ್ದರು. ನಾನಾಗಿದ್ದರೆ ಬಾಗಿಲಲ್ಲಿ ನಿಂತು "ಯಾರಯ್ಯಾ ಅದು?" ಎಂದು ಒಂದು ಕೂಗು ಹಾಕುತ್ತಿದ್ದೆ, ಪಕ್ಕದ ಬೀದಿಯಲ್ಲಿ ನಿಂತು. ವೈರಪ್ಪ ಕೆಲಸಕ್ಕೆ ರಜೆ ಹಾಕಿ, ಬೋರ್ಡಿಗೆ ಕೇಬಲ್ ಚುಚ್ಚಿ, ಅದರ ನೆನಪಿನೊಳಗೆ ಇಳಿದ. ಒಂದೊಂದೇ ಅಂಕಿ ನೋಡುತ್ತ ಹೋದ. ಸಂಜೆ ಐದಕ್ಕೆ ಸಿಕ್ಕಿತು. ಲಿಫ್ಟು ಈಗ ಎಲ್ಲಿದೆ ಎಂದು ಬರೆದಿಡುವ ಒಂದು ಜಾಗ. ಅಲ್ಲಿದ್ದ ಅಂಕಿ, ಒಂದು. ದಿನಕ್ಕೊಂದು ಕಡಿಮೆಯಾಗುತ್ತ ಬಂದಿದೆ. ಯಾರು ಕಡಿಮೆ ಮಾಡುತ್ತಿದ್ದಾರೆ? ಅದು ಕೋಡಿನಲ್ಲೆಲ್ಲೂ ಇಲ್ಲ.

ನಿಲ್ಲಿಸಲು ಅವನಿಗೆ ದಾರಿ ಕಾಣಲಿಲ್ಲ. ಆದರೆ ಆ ಅಂಕಿ ಅಳಿಸಿ ಬೇರೆ ಬರೆಯಬಹುದಿತ್ತು.

"ಏನು ಮಾಡ್ತೀರಿ?" ಹೆಂಡತಿ ಪಿಸುಗುಟ್ಟಿದಳು.

"ಮೇಲಕ್ಕೆ ಕಳಿಸ್ತೀನಿ. ತುಂಬಾ ಮೇಲಕ್ಕೆ. ಆದ್ರೆ ಇದರಲ್ಲಿರೋ ದನಿ ಏಳನೇ ಮಹಡಿವರೆಗೆ ಮಾತ್ರ. ಅದರ ಮೇಲಿನದು ಯಾರಾದ್ರೂ ಓದಿ ರೆಕಾರ್ಡ್ ಮಾಡಬೇಕು. ದನಿ ಇಲ್ಲದ ಮಹಡಿನ ಇದು ಒಪ್ಪುತ್ತೋ ಇಲ್ವೋ."

"ಎಷ್ಟರವರೆಗೆ ಓದಲಿ?"

"ಐವತ್ತು, ಅರವತ್ತು... ಆ ಜಾಗದಲ್ಲಿ ಹೆಚ್ಚೆಂದ್ರೆ ಹಿಡಿಸೋದು ಇನ್ನೂರ ಐವತ್ತೈದು. ಅದನ್ನ ಬರೆದ್ರೆ ಇವತ್ತು ರಾತ್ರಿ ಒಂದು ಕಮ್ಮಿಯಾಗಿ ಇನ್ನೂರ ಐವತ್ತನಾಲ್ಕು ಅನ್ನುತ್ತೆ. ಅಷ್ಟೆಲ್ಲ ನಿನ್ನ ಗಂಟಲು..."

"ಗಂಟಲು ನಂದು, ಅಮ್ಮನೂ ನಂದು. ಮೈಕ್ ಕೊಡಿ."

ಓದಿದಳು. "ಎಂಟನೇ ಮಹಡಿ. ಒಂಬತ್ತನೇ ಮಹಡಿ." ಒಂದೊಂದಕ್ಕೂ ಒಂದೊಂದು ಫೈಲು. ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಬೆವರು ಒರೆಸಿಕೊಳ್ಳುತ್ತ. ಬೀದಿಯಲ್ಲಿ ಸ್ಕೂಟರ್ ಹೋದರೆ ಮತ್ತೆ ಮೊದಲಿಂದ. ನಡುವೆ ಒಮ್ಮೆ ಅವಳಿಗೆ ಅಳು ಬಂತು. ವೈರಪ್ಪ ನೀರು ಕೊಟ್ಟ. ಕುಡಿದು, ಮೂಗು ಸೀಟಿ, ಮುಂದುವರಿಸಿದಳು. ಮುಂದಿನ ಕೋಣೆಯಲ್ಲಿ ಅತ್ತೆ ಕೈಚೀಲ ಮಡಿಲಲ್ಲಿಟ್ಟುಕೊಂಡು ಬಾಗಿಲು ನೋಡುತ್ತ ಕೂತಿದ್ದರು. ಬಸ್ಸಿಗೆ ಕಾಯುವವರ ಹಾಗೆ.

ಇನ್ನೂರ ಐವತ್ತನಾಲ್ಕು ಮುಗಿದಾಗ ಹನ್ನೊಂದು ದಾಟಿತ್ತು. ಫೈಲುಗಳನ್ನೆಲ್ಲ ಮೆಮೊರಿ ಕಾರ್ಡಿಗೆ ತುಂಬಿ, ಬೋರ್ಡಿಗೆ ಸಿಕ್ಕಿಸಿದ. ಒಂದು ಎಂಬುದನ್ನು ಅಳಿಸಿ ಇನ್ನೂರ ಐವತ್ತೈದು ಬರೆದ. ಒಮ್ಮೆ ತಪ್ಪಿತು. ಮತ್ತೆ ಬರೆದ. ಹನ್ನೊಂದು ಒಂಬತ್ತು.

ಇಬ್ಬರೂ ಅತ್ತೆಯ ಎರಡು ಪಕ್ಕದಲ್ಲಿ ಕೂತರು. ಹೆಂಡತಿ ಅಮ್ಮನ ಸೆರಗು ಹಿಡಿದುಕೊಂಡಿದ್ದಳು. ಬಾಗಿಲಾಚೆ... ತಿರುವಿನ ಬಾವಿಯ ಕಡೆಯಿಂದ... ರಾಟೆ ಒಮ್ಮೆ ಕಿರ್ರ್ ಎಂದಿತು.

ಟಿಂಗ್.

"ಇನ್ನೂರ ಐವತ್ತನಾಲ್ಕನೇ ಮಹಡಿ." ಹೆಂಡತಿಯದೇ ದನಿ. ಒಡೆದ ದನಿ.

ಅತ್ತೆ ಅಳಿಯನ ಕಡೆ ತಿರುಗಿದರು.

"ಯಾಕಪ್ಪಾ... ಅಷ್ಟು ಮೇಲಕ್ಕೆ ಕಳಿಸಿದೆ? ಅವರಿಗೆ ಮಂಡಿನೋವು."

ವೈರಪ್ಪ ಸ್ಲೇಟು ಎತ್ತಿಕೊಂಡ. ಹೆಂಡತಿ ಸ್ಲೇಟು ಕಿತ್ತುಕೊಂಡು ಬರೆದಳು. ನೀನು ಇರಬೇಕು ಅಮ್ಮ.

ಅತ್ತೆ ಅದನ್ನು ಎರಡು ಸಲ ಓದಿದರು. ಮಲಗಿದರು. ಆದರೆ ಕೈಚೀಲ ಬಿಚ್ಚಲಿಲ್ಲ. ಚಪ್ಪಲಿಗಳೂ ಹೊಸ್ತಿಲ ಬಳಿಯೇ ಇದ್ದವು. ವಾರ ಕಳೆಯಿತು, ತಿಂಗಳು ಕಳೆಯಿತು, ತೆಗೆಯಲಿಲ್ಲ. ಮಗಳು ದಿನಾ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಆ ಚಪ್ಪಲಿ.

ಗಂಟೆ ದಿನಕ್ಕೊಂದು ಮಹಡಿ ಇಳಿಯುತ್ತಿತ್ತು. ನಾಲ್ಕೂವರೆ ತಿಂಗಳಾದ ಮೇಲೆ ಒಂದು ಸಂಜೆ ವೈರಪ್ಪ ಯಾಕೋ ಫೈಲುಗಳನ್ನು ಎಣಿಸಿದ. ಇನ್ನೂರ ನಲವತ್ತೇಳು ಇರಬೇಕು. ಇದ್ದದ್ದು ಇನ್ನೂರ ನಲವತ್ತಾರು. ನೂರ ಹದಿಮೂರು ಇಲ್ಲ. ಅವಳಿಗೆ ಅಳು ಬಂದದ್ದು ಅಲ್ಲೇ. ನೂರ ಹನ್ನೆರಡು ಓದಿ, ನೀರು ಕುಡಿದು, ನೂರ ಹದಿನಾಲ್ಕಕ್ಕೆ ಹಾರಿದ್ದಳು. ಮತ್ತೆ, ಹಿಂದಿನ ರಾತ್ರಿ ಗಂಟೆ ಹೇಳಿದ್ದು ನೂರ ಹದಿನಾಲ್ಕು.

"ಈಗಲೇ ಓದ್ತೀನಿ, ಹಾಕಿ" ಎಂದಳು ಹೆಂಡತಿ.

ಇಲ್ಲಿ ವೈರಪ್ಪ ಅವನಂಥ ಕೋಡು ಬರೆಯುವವರೆಲ್ಲ ಮಾಡುವುದನ್ನೇ ಮಾಡಿದ. "ಓಡ್ತಾ ಇರೋದನ್ನ ಮುಟ್ಟಬಾರದು ಕಣೇ. ಕಾರ್ಡ್ ತೆಗೆದು ಹಾಕೋವಾಗ ಆ ಅಂಕಿ ಅಳಿಸಿಹೋದ್ರೆ? ಒಂದು ರಾತ್ರಿ ಸುಮ್ನಿರುತ್ತೆ, ಅಷ್ಟೇ."

ಹನ್ನೊಂದು ಹತ್ತು.

ಟಿಂಗ್.

ಆಮೇಲೆ ಏನೂ ಇಲ್ಲ. ಸ್ಪೀಕರಿನ ಸಣ್ಣ ಸುಯ್ಯ್... ಅಷ್ಟೇ. ನೋಡಿದೆಯಾ ಎಂಬಂತೆ ಅವನು ಹೆಂಡತಿಯ ಕಡೆ ತಿರುಗಿದ. ಆ ಸುಯ್ಯ್ ನಿಧಾನಕ್ಕೆ ಏದುಸಿರಾಯಿತು. ಮೆಟ್ಟಿಲಿಳಿದು ಬಂದವರು ನಡುವೆ ಕಂಬಿ ಹಿಡಿದು ನಿಂತ ಹಾಗೆ. ಹಾ... ಹಾ... ಎಂದು ಎರಡು ಸಲ. ಒಂದು ಕೆಮ್ಮು. ಆಮೇಲೆ ಒಬ್ಬ ಮುದುಕರ ದನಿ, ಸುಸ್ತಾಗಿ,

"ನೂರ... ಹದಿಮೂರು."

ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ಕೆಮ್ಮು ಅವಳಿಗೆ ಗೊತ್ತಿತ್ತು.

ಅತ್ತೆ ಎದ್ದರು. ಕತ್ತಲಲ್ಲೇ ಹೊಸ್ತಿಲವರೆಗೆ ಹೋದರು. ಮಗಳು "ಅಮ್ಮಾ..." ಎಂದು ಧಾವಿಸಿದಳು. ಅತ್ತೆ ಬಾಗಿಲು ತೆರೆಯಲಿಲ್ಲ. ಬಗ್ಗಿ ಚಪ್ಪಲಿ ಎತ್ತಿಕೊಂಡರು. ಬಾಗಿಲಿಗೆ ಬಾಯಿ ಹತ್ತಿರ ಮಾಡಿ, ಮೆಲ್ಲಗೆ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹೇಳಿದರು.

"ಅವಸರ ಏನಿಲ್ಲ. ಕೂತು ಸುಧಾರಿಸ್ಕೊಂಡು ಬನ್ನಿ. ಇವಳು ಇನ್ನೂ ಅಳ್ತಾಳೆ."

ಚಪ್ಪಲಿ ತಂದು ಮಂಚದ ಕೆಳಗಿಟ್ಟರು. ಕೈಚೀಲದಿಂದ ಬಟ್ಟೆ ತೆಗೆದು ಕಪಾಟಿನಲ್ಲಿಟ್ಟರು. ಮಲಗಿದರು. ಗೊರಕೆ ಶುರುವಾಯಿತು.

ಮಾರನೆಯ ರಾತ್ರಿಯಿಂದ ಗಂಟೆ ಸುಮ್ಮನಾಗಿದೆ. ಅತ್ತೆ ಈಗಲೂ ಇದ್ದಾರೆ, ಮೊನ್ನೆ ನನಗೆ ಕಾಫಿ ಕೊಟ್ಟು ಬೀದಿಗೆ ಕೇಳುವಂತೆ ಬೈದರು. ಬೋರ್ಡಿನಲ್ಲಿ ಆ ಅಂಕಿ ನೂರ ಹದಿಮೂರಕ್ಕೇ ನಿಂತಿದೆ. ನೀವು ನಗುತ್ತೀರಿ, ಗೊತ್ತು. ನನ್ನ ಉಳಿದ ಕತೆಗಳಿಗೆ ನಗಿ, ಅಡ್ಡಿಯಿಲ್ಲ. ಆದರೆ ಮೊನ್ನೆ ನಾನೇ ವೈರಪ್ಪನ ಲ್ಯಾಪ್‌ಟಾಪ್ ಎದುರು ಕೂತು, ಬೆರಳಿಟ್ಟು, ಆ ಕಾರ್ಡಿನ ಫೈಲುಗಳನ್ನು ಎಣಿಸಿದೆ. ಎರಡು ಸಲ. ಇನ್ನೂರ ನಲವತ್ತಾರು.

ನೂರ ಹನ್ನೆರಡು ಇದೆ. ನೂರ ಹದಿನಾಲ್ಕು ಇದೆ.