ಕರೆದವನೇ ಕಳಿಸಬೇಕು

ಬಾವಿ ದಾಟುವವರೆಗೆ ಲತೀಶನಿಗೆ ಏನೂ ಅನಿಸಿರಲಿಲ್ಲ.

ಘಣಸೋಲಿಯ ಹಳೇ ಊರಿನೊಳಗೆ ಒಂದು ಬಾವಿ ಉಂಟಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದು... ಹೊಸ ಕಟ್ಟಡಗಳ ಸೆಕ್ಟರಿನಿಂದ ಅವನು ಬಾಡಿಗೆಗಿದ್ದ ಚಾಳಿಗೆ ಅದೇ ಹತ್ತಿರದ ದಾರಿ. ರಾತ್ರಿ ಹತ್ತೂವರೆ. ಅಮಾವಾಸ್ಯೆ. ಹೆಗಲಿನಲ್ಲಿ ಕೇಬಲ್ ಸುರುಳಿಗಳ ಚೀಲ. ಮೊದಲು ಕೇಳಿಸಿದ್ದು ಚಪ್ಪಲಿಯ ಸದ್ದು. ಪಟ್... ಪಟ್... ಒಂದೇ ಕಾಲಿನದು. ಇನ್ನೊಂದು ಕಾಲು ಬರಿಗಾಲು, ನೆಲಕ್ಕೆ ಮೆತ್ತಗೆ ಒರೆಸಿಕೊಂಡು ಬರುತ್ತಿತ್ತು. ಇವನು ನಿಂತ. ಅದೂ ನಿಂತಿತು.

ಆಮೇಲೆ ಕಿಸೆಯಲ್ಲಿ ಫೋನು ಗುಂಯ್ ಎಂದಿತು. ತೆಗೆದು ನೋಡಿದರೆ ವೈಫೈ ಸಿಕ್ಕಿದೆ ಎಂದು ತೋರಿಸುತ್ತಿದೆ. ಹೆಸರು ಸುಜನ್. ಗೆರೆಗಳು ಪೂರ್ತಿ.

ಆ ವೈಫೈಯನ್ನು ಒಂದು ಗಂಟೆ ಮೊದಲು ಅವನೇ ಕೂರಿಸಿ ಬಂದಿದ್ದ, ಒಂದು ಕಿಲೋಮೀಟರ್ ಆಚೆಯ ಮನೆಯಲ್ಲಿ. ಆ ರೂಟರಿನ ಯೋಗ್ಯತೆ ಎರಡು ಗೋಡೆ ದಾಟಿದರೆ ಹೆಚ್ಚು. ಲತೀಶ ಹಿಂದೆ ತಿರುಗಲಿಲ್ಲ. ನಮ್ಮ ಕಡೆಯ ಮಕ್ಕಳಿಗೆ ಅಷ್ಟನ್ನಾದರೂ ಹಿರಿಯರು ಕಲಿಸಿರುತ್ತಾರೆ.

ಆಗಿದ್ದು ಹೀಗೆ. ಎರಡು ಸಾವಿರದ ಹದಿಮೂರು, ಜೂನ್ ತಿಂಗಳು. ಆ ಮನೆಯ ಲೋಕನಾಥಣ್ಣ ನೆರೂಳಿನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಹೆಂಡತಿ ಪುಷ್ಪಾವತಿ. ಮಗ ಸುಜನ್, ಇಪ್ಪತ್ತಮೂರರ ಹುಡುಗ, ಮೇ ತಿಂಗಳಲ್ಲಿ ಲೋಕಲ್ ಟ್ರೇನಿನ ಬಾಗಿಲಿನಿಂದ ಬಿದ್ದು ಹೋದ. ಅವನ ಒಂದು ಚಪ್ಪಲಿ ಸಿಗಲೇ ಇಲ್ಲ. ಫೋನು ಪುಡಿಪುಡಿಯಾಗಿ, ಪೊಲೀಸರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಬೊಜ್ಜ, ಅಂದರೆ ಉತ್ತರಕ್ರಿಯೆ, ಊರಿನಲ್ಲೇ ಮುಗಿಸಿ ಬಂದಿದ್ದರು. ಆದರೂ ಅವನು ಬೆಳೆದ ಈ ಮನೆಯಲ್ಲಿ ಒಮ್ಮೆ ಬಡಿಸಬೇಕೆಂದು ಪುಷ್ಪಕ್ಕನ ಹಟ.

ಬಡಿಸುವುದೆಂದರೆ ಗೊತ್ತಲ್ಲ. ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕೂರುವುದು. ಅವರ ಮನೆತನದಲ್ಲಿ ಇನ್ನೊಂದು ಕ್ರಮ ಉಂಟು. ಮನೆಯ ಗಂಡಸು ಹೆಸರು ಹಿಡಿದು ಮೂರು ಸಲ ಕರೆಯಬೇಕು. ಉಂಡಾದ ಮೇಲೆ, ಕರೆದವನೇ ಹೋಗಿಬಾ ಎಂದು ಕಳಿಸಬೇಕು.

ಲೋಕನಾಥಣ್ಣನಿಗೆ ಕರೆಯಲು ಆಗಲಿಲ್ಲ. ಪಾಪ, ಹೇಗಾದೀತು? ಮುಚ್ಚಿದ ಬಾಗಿಲಿನ ಎದುರು ಕುರ್ಚಿ ಹಾಕಿಕೊಂಡು ಅರ್ಧ ಗಂಟೆಯಿಂದ ಸುಮ್ಮನೆ ಕೂತಿದ್ದರು. ಅದೇ ಹೊತ್ತಿಗೆ ಲತೀಶ ಬಂದ. ಮಗಳು ಅಶ್ಮಿತಾಳೇ ಫೋನು ಮಾಡಿ ಕರೆಸಿದ್ದಳು. ಅವಳ ಕಾಲೇಜಿನ ಫಾರ್ಮು ತುಂಬಲು ಮರುದಿನವೇ ಕೊನೆ, ಹಳೇ ರೂಟರು ಸುಟ್ಟು ವಾರವಾಗಿತ್ತು. ಲತೀಶ ಮುಚ್ಚಿದ ಬಾಗಿಲು ನೋಡಿದ, ವಿಷಯ ತಿಳಿಯಿತು. ಕರೆದಾಗಿದೆ ಎಂದೇ ಅವನು ಎಣಿಸಿದ್ದು.

ಹೊಸ ರೂಟರಿಗೆ ಏನು ಹೆಸರು ಇಡಲಿ ಎಂದು ಮೆಲ್ಲಗೆ ಕೇಳಿದ. ಅಶ್ಮಿತಾ ಇಲ್ಲಿಯೇ ಹುಟ್ಟಿದವಳು, ಕನ್ನಡ ಅರ್ಥವಾದರೂ ಉತ್ತರ ಹಿಂದಿಯಲ್ಲೇ.

"ದಾದಾ ಕಾ ಹೀ ನಾಮ್ ರಖೋ," ಎಂದಳು, ಅಣ್ಣನ ಹೆಸರೇ ಇರಲಿ ಎಂದು. ಹಳೆಯದಕ್ಕೆ ಅಣ್ಣ ತನ್ನ ಹೆಸರನ್ನೇ ಇಟ್ಟಿದ್ದ, ಪಾಸ್‌ವರ್ಡೂ ಅದೇ, ಕೊನೆಗೆ ಒಂದು ಎರಡು ಮೂರು.

"ಒಳ್ಳೇದಾಯ್ತು," ಎಂದ ಲತೀಶ. "ಹೆಸರು ಅದೇ, ಪಾಸ್‌ವರ್ಡ್ ಅದೇ ಆದ್ರೆ ಹಳೇವೆಲ್ಲ ತಾವಾಗಿಯೇ ಬಂದು ಸೇರ್ತವೆ."

ಲತೀಶನ ಬಾಯಿ ಸುಮ್ಮನಿರುವ ಬಾಯಲ್ಲ. ಬರೆಯುವುದನ್ನೆಲ್ಲ ಗಟ್ಟಿಯಾಗಿ ಹೇಳಿಕೊಂಡೇ ಬರೆಯುವ ಚಾಳಿ, ಒಂದನೇ ಕ್ಲಾಸಿನಿಂದ ಬಂದದ್ದು. ವೈಫೈಯ ಹೆಸರು ಕೇಳಿತು... "ಸುಜನ್." ಪಾಸ್‌ವರ್ಡ್ ಕೇಳಿತು... "ಸುಜನ್, ಒಂದು ಎರಡು ಮೂರು." ಅದನ್ನೇ ಇನ್ನೊಮ್ಮೆ ಹಾಕಿ ಎಂದಿತು... "ಸುಜನ್."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಒಳಕೋಣೆಯಲ್ಲಿ ಸ್ಟೀಲ್ ಲೋಟ ನೆಲಕ್ಕೆ ತಾಗಿತು. ಟಣ್... ಲೋಕನಾಥಣ್ಣ ತಲೆಯೆತ್ತಿದರು. ಯಾರೂ ಅಲುಗಲಿಲ್ಲ. ನಂತರ ಎಲೆಯ ಮೇಲೆ ಕೈಯಾಡಿಸುವ ಸದ್ದು, ಸರ... ಸರ... ಎಷ್ಟೋ ಹೊತ್ತು. ಲ್ಯಾಪ್‌ಟಾಪಿನಲ್ಲಿ, ರೂಟರಿಗೆ ಯಾವುದೆಲ್ಲ ಸೇರಿದೆ ಎಂಬ ಪಟ್ಟಿ ತೆರೆದಿತ್ತು. ಅಶ್ಮಿತಾಳ ಲ್ಯಾಪ್‌ಟಾಪ್. ಅಪ್ಪನ ಫೋನು. ಅಮ್ಮನ ಫೋನು. ಅದರ ಕೆಳಗೆ ನಾಲ್ಕನೆಯದು... ಸುಜನನ ಫೋನು. ಅಶ್ಮಿತಾ ಲತೀಶನ ಮಣಿಕಟ್ಟು ಹಿಡಿದಳು.

ಬಾಗಿಲು ತೆರೆದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಉಂಡ ಎಲೆಯನ್ನು ಮಡಚಿ ಇಟ್ಟಿತ್ತು. ಪುಷ್ಪಕ್ಕ ಅಳಲಿಲ್ಲ, ಕರೆದದ್ದು ಯಾರು ಎಂದಷ್ಟೇ ಕೇಳಿದರು. ಅಶ್ಮಿತಾಳ ಕಣ್ಣು ಲತೀಶನ ಕಡೆ ತಿರುಗಿತು. ಲತೀಶ ಹೆದರಿಹೋಗಿದ್ದ. ಚೀಲ ಎತ್ತಿಕೊಂಡು ಹೊರಬಿದ್ದ, ಹೋಗಿಬಾ ಎನ್ನುವ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಈಗ ಬಾವಿಯ ಹತ್ತಿರ ಹಿಂದೆ ಹತ್ತಿದ ಆ ಒಂಟಿ ಚಪ್ಪಲಿ ಚಾಳಿನವರೆಗೂ ಬಂತು. ಕೆಳಗಿನ ಖೋಲಿಯ ಎದುರು ದೇಜಪ್ಪಜ್ಜ ಬೀಡಿ ಸೇದುತ್ತಾ ಕೂತಿದ್ದರು. ಹೋಟೆಲುಗಳಲ್ಲಿ ಅಡುಗೆ ಮಾಡಿ ಮುದುಕರಾದವರು, ರಾತ್ರಿ ನಿದ್ದೆ ಕಡಿಮೆ. ಲತೀಶನನ್ನು ನೋಡಿದವರೇ ಕೈ ಅಡ್ಡ ಹಿಡಿದರು.

"ಒಳಗೆ ಹೋಗ್ಬೇಡ. ನಿನ್ನ ಜೊತೆ ಯಾರು?"

"ಯಾರೂ ಇಲ್ಲ ಅಜ್ಜಾ..."

"ಒಂದೇ ಚಪ್ಪಲಿ ಹಾಕಿದ್ದಾನೆ."

ಲತೀಶ ಅಲ್ಲೇ ನಿಂತು ಎಲ್ಲ ಹೇಳಿದ. ಅಜ್ಜ ಬೀಡಿ ಆರಿಸಿದರು. "ಗೊತ್ತಿಲ್ದೆ ಕರೆದ್ರೂ ಕರೆದದ್ದೇ ಮಗಾ. ಈಗ್ಲೇ ಆ ಮನೆಗೆ ಹೋಗಿ ನೀನೇ ಕಳ್ಸು. ಬೆಳಗಾಗ್ಲಿಕ್ಕೆ ಬಿಡ್ಬೇಡ," ಎಂದರು. ಆರಿದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, "ಬಿಟ್ರೆ ಅವನು ಒಬ್ನೇ ಹೋಗುದಿಲ್ಲ," ಎಂದರು.

ಲತೀಶ ಬಂದ ದಾರಿಯಲ್ಲೇ ತಿರುಗಿ ನಡೆದ. ಪಟ್... ಪಟ್... ಹಿಂದೆಯೇ. ಮೂರನೇ ಮಾಳಿಗೆ ಹತ್ತಿ ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಪುಷ್ಪಕ್ಕ ನಿಂತಿದ್ದರು, ಕೈಯಲ್ಲಿ ಕಾಲು ತೊಳೆಯುವ ನೀರಿನ ಚೊಂಬು. ಅವರ ಕಣ್ಣು ಲತೀಶನ ಮೇಲಿರಲಿಲ್ಲ, ಅವನ ಹೆಗಲಿನ ಆಚೆಗಿತ್ತು.

"ಪುಷ್ಪಕ್ಕ, ಅವನನ್ನು ಕಳಿಸ್ಬೇಕಂತೆ. ಈಗ್ಲೇ..."

"ಒಂದು ರಾತ್ರಿ ಇರ್ಲಿ. ಬೆಳಿಗ್ಗೆ ಬಂದು ಕಳ್ಸು."

"ಬೆಳಗಾದ್ರೆ ಒಬ್ನೇ ಹೋಗುದಿಲ್ವಂತೆ ಅಕ್ಕ..."

"ನನಗೆ ಗೊತ್ತುಂಟು ಮಗಾ," ಎಂದರು ಪುಷ್ಪಕ್ಕ. ಬದಿಗೆ ಸರಿದು ದಾರಿ ಬಿಟ್ಟರು. ಮೆತ್ತಗೆ, "ಒಳಗೆ ಬಾ," ಎಂದರು. ಆ ಮಾತು ಲತೀಶನಿಗಲ್ಲ.

ಬಾಗಿಲು ಮುಚ್ಚಿತು. ಚಿಲಕ ಬಿತ್ತು, ಖಟ್.

ಅವನು ಬಾಗಿಲು ಬಡಿಯಬಹುದಿತ್ತು. ಲೋಕನಾಥಣ್ಣನನ್ನು ಎಬ್ಬಿಸಬಹುದಿತ್ತು. ಮೆಟ್ಟಿಲಲ್ಲೇ ನಿಂತು ಹೋಗಿಬಾ ಎಂದು ಕೂಗಿದ್ದರೂ ಸಾಕಿತ್ತೇನೋ. ಆದರೆ ಹಿಂದೆ ಸದ್ದಿರಲಿಲ್ಲ. ಅವನಿಗೆ ಮೈ ಹಗುರಾಯಿತು, ಮನೆಗೆ ಹೋಗಿ ಮಲಗಿದ. ಬೇಡದಾಗ ಆಡಿದ ಬಾಯಿ ಬೇಕಾದಾಗ ಕಟ್ಟಿತು. ಆ ಹಗುರಾದದ್ದಕ್ಕೆ ಅವನು ಇವತ್ತಿಗೂ ತನ್ನನ್ನು ಕ್ಷಮಿಸಿಕೊಂಡಿಲ್ಲ.

ಬೆಳಿಗ್ಗೆ ಆರಕ್ಕೆ ಅಶ್ಮಿತಾಳ ಫೋನು. ಅಮ್ಮ ಒಳಕೋಣೆಯ ಚಾಪೆಯಲ್ಲಿ ಮಲಗಿದವರು ಏಳಲಿಲ್ಲ. ಡಾಕ್ಟರು ಹೃದಯ ನಿಂತಿದೆ ಎಂದು ಬರೆದುಕೊಟ್ಟರು. ಸೆರಗಿನ ತುದಿ ಮುಷ್ಟಿಯಲ್ಲಿ ಯಾರೋ ಹಿಡಿದು ಬಿಟ್ಟ ಹಾಗೆ ಸುಕ್ಕಾಗಿತ್ತು. ಲೋಕನಾಥಣ್ಣ ಗೋಡೆಗೆ ಒರಗಿ, ಹೆಂಡತಿಯ ಹೆಸರನ್ನು ಕೂಡ ಕರೆಯಲಾಗದೆ, ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರು.

ಇದು ನಡೆದದ್ದೇ. ಕಟ್ಟಿ ಹೇಳುವುದಾದರೆ ಇದಕ್ಕಿಂತ ಒಳ್ಳೆಯ ಕೊನೆ ಕಟ್ಟಬಹುದಿತ್ತು. ಲತೀಶ ಈಗಲೂ ಘಣಸೋಲಿಯಲ್ಲೇ ಇದ್ದಾನೆ, ಹೋಗಿ ಕೇಳಿ. ರೂಟರಿಗೆ ಯಾವುದು ಎಷ್ಟು ಹೊತ್ತಿಗೆ ಸೇರಿತು, ಎಷ್ಟು ಹೊತ್ತಿಗೆ ಬಿಟ್ಟಿತು ಎಂಬುದು ಅದರೊಳಗೇ ದಾಖಲಾಗಿರುತ್ತದೆ. ಆ ದಿನ ಅಶ್ಮಿತಾ ಅದನ್ನು ತೆರೆದು ಅವನಿಗೆ ತೋರಿಸಿದಳು. ಸುಜನನ ಫೋನು ಬಿಟ್ಟದ್ದು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಅಮ್ಮನ ಫೋನು ಬಿಟ್ಟದ್ದು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಅಮ್ಮನ ಫೋನು ರಾತ್ರಿಯಿಂದ ರೂಟರಿನ ಪಕ್ಕದಲ್ಲೇ ಚಾರ್ಜಿಗೆ ಹಾಕಿತ್ತು.