ಸೊನ್ನೆ ಅಡಿಯ ಬಹುಮಾನ

ಮಾನ್ಯ ಅಧ್ಯಕ್ಷರೇ, ಈ ಊಟಕ್ಕೆ ಜಾಗವಾಗಲೆಂದು ತಮ್ಮ ಲಾರಿಗಳನ್ನು ಚಳಿಯಲ್ಲಿ ಹೊರಗೆ ನಿಲ್ಲಿಸಿದ ಅಗ್ನಿಶಾಮಕ ದಳದ ಬಂಧುಗಳೇ, ಸಸೆಕ್ಸ್ ಕೌಂಟಿಯ ಕುಂಬಳಕಾಯಿ ಎಸೆತಗಾರರೇ, ಬಿಸಿ ಕುಂಬಳಕಾಯಿ ಪೈ ಮೇಲೆ ಕಣ್ಣಿಟ್ಟಿರುವ ಸಭಿಕರೇ,

ಕಡೆಯ ಸ್ಥಾನದ ಬಹುಮಾನವನ್ನು ನನ್ನ ತಮ್ಮ ರಾಯ್ಸ್‌ನ ಪರವಾಗಿ ಸ್ವೀಕರಿಸಲು ಹೆಮ್ಮೆಪಡುತ್ತೇನೆ. ಅವನ ಗಾಳಿ ಫಿರಂಗಿ ಈ ವರ್ಷ ಕುಂಬಳಕಾಯಿ ಎಸೆದ ದೂರ ಸೊನ್ನೆ ಅಡಿ. ಸಮಯ ಮುಗಿಯಿತೆಂದು ಸೀಟಿ ಊದಿದ ಮೇಲೆ ಹಾರಿದ ಕಾಯಿ ಲೆಕ್ಕಕ್ಕಿಲ್ಲವಂತೆ. ಸರಿ, ನಿಯಮ ನಿಯಮವೇ.

ನಮ್ಮ ಮನೆಯ ಜಗಳ ನಿಮಗೇನು ಹೊಸದೇ? ಮೊದಲು ಅಣ್ಣ ಆಲ್ಟನ್, ತಮ್ಮ ರಾಯ್ಸ್ ಇಬ್ಬರದೂ ಒಂದೇ ಫಿರಂಗಿ. ಗಾಳಿ ಬಿಡುವ ವಾಲ್ವಿನ ರಬ್ಬರ್ ಬಳೆಗೆ ಸಿಲಿಕೋನ್ ಗ್ರೀಸನ್ನೇ ತೆಳ್ಳಗೆ ಸವರಬೇಕು ಎಂದು ಅಣ್ಣ. "ಅಮ್ಮ ಎಲ್ಲಕ್ಕೂ ಪೆಟ್ರೋಲಿಯಂ ಜೆಲ್ಲೀನೇ ಹಚ್ತಾಳೆ" ಎಂದು ತಮ್ಮ. "ಹಾಗಾದ್ರೆ ನಿನ್ನ ತಲೆಗೂ ಅದನ್ನೇ ಹಚ್ಕೋ" ಎಂದ ಅಣ್ಣ. ಅಷ್ಟೇ, ಮಾತು ನಿಂತಿತು. ಫಿರಂಗಿ ಎರಡಾದವು. ಅಮ್ಮನನ್ನು ಮಣ್ಣು ಮಾಡಿದ ದಿನವೂ ಊಟದ ಮೇಜಿನಲ್ಲಿ ಇವರ ನಡುವೆ ಕುಳಿತವಳು ನಾನು. "ಮಾವಿಸ್, ಉಪ್ಪು ಕೊಡೋಕೆ ಹೇಳು ಅವ್ನಿಗೆ." ಉಪ್ಪು ಒಂದು ಗೇಣು ದೂರದಲ್ಲಿತ್ತು. ಅಂದು ನನಗೆ ಅಳು ಬಂದದ್ದು ಅಮ್ಮನಿಗಾಗಿ ಮಾತ್ರವಲ್ಲ.

ಮೊನ್ನೆ ಸ್ಪರ್ಧೆಯ ಹೊಲದಲ್ಲಿ ರಾಯ್ಸ್ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಟ್ಯಾಂಕಿನ ತುಂಬ ಗಾಳಿ, ಜೆಲ್ಲಿ ಕುಡಿದ ರಬ್ಬರ್ ಬಳೆ ನೆನೆಸಿದ ಕಡಲೆಯ ಹಾಗೆ ಊದಿ ಕಚ್ಚಿಕೊಂಡಿತ್ತು. ಸೀಟಿಯೂ ಆಯಿತು. ನಮ್ಮ ಮಹಾಶಯ ಏನು ಮಾಡಬೇಕು? ನಳಿಗೆಯ ಬಾಯೊಳಗೆ ಇಣುಕಲು ಹೊರಟ!

ಪಕ್ಕದ ಫಿರಂಗಿಯಿಂದ ಆಲ್ಟನ್ ಕೂಗಿದ: "ಮಾವಿಸ್, ಅವ್ನಿಗೆ ಹೇಳು—" ರೂಢಿ ನೋಡಿ. ಆದರೆ ನನ್ನ ಮೂಲಕ ಹೇಳಿಸುವಷ್ಟು ಹೊತ್ತು ಎಲ್ಲಿತ್ತು? ನೇರ ತಮ್ಮನಿಗೇ ಅರಚಿದ: "ಲೇ ರಾಯ್ಸ್! ಬಾಯಿಗೆ ಅಡ್ಡ ಹೋಗ್ಬೇಡ ಕಣೋ!"

ಆ ದನಿ ಕೇಳಿಯೇ ರಾಯ್ಸ್ ಬೆಚ್ಚಿ ಹಿಂದೆ ಸರಿದ. ಕಚ್ಚಿಕೊಂಡಿದ್ದ ಬಳೆ ಆಗಲೇ ಬಿಟ್ಟಿತು, ಧಡ್! ಕುಂಬಳಕಾಯಿ ಅವನ ಟೋಪಿಯನ್ನೂ ಹೊತ್ತುಕೊಂಡು ಹೋಯಿತು. ಟೋಪಿ ಇನ್ನೂ ಸಿಕ್ಕಿಲ್ಲ, ಹುಡುಕುವುದೂ ಬೇಡ. ತಲೆ ಉಳಿದಿದೆ, ಅದರೊಳಗೆ ಏನಿದೆ ಎನ್ನುವುದು ಬೇರೆ ಮಾತು.

ಈಗ, ನಾನು ಈ ವೇದಿಕೆ ಏರುವ ಮುಂಚೆ, ಆಲ್ಟನ್ ಅಂದ: "ಆ ಕ್ರೀಮ್ ಇತ್ಲಾಗ್ ತಳ್ಳೋ." ಎಂದಿನಂತೆ ನನ್ನ ಕೈ ಮುಂದೆ ಹೋಯಿತು. ಬಟ್ಟಲು ಆಗಲೇ ರಾಯ್ಸ್‌ನ ಕೈಯಿಂದ ಹೊರಟಿತ್ತು.

ಮಾತು ಸಾಗಿಸುವ ಕೆಲಸದಿಂದ ನಾನು ಇಂದು ನಿವೃತ್ತಳು. ಎಲ್ಲರಿಗೂ ಕೃತಜ್ಞತೆ, ಆ ಊದಿದ ಬಳೆಗೂ. ನನ್ನ ಪೈ ಆರುತ್ತಿದೆ, ನಮಸ್ಕಾರ.